ಊಟದ ಬಿಡುವಿನಿಂದ ಹುಟ್ಟಿದ ಸಂಘ: ಬಿ.ಪಿ. ವಾಡಿಯಾ ಅವರ ನೆನಪು

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಬ್ಬ ಹಿರಿಯರ ಬದುಕನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದರು. ಮಹಾರಾಜರು, ದಿವಾನರು, ಕವಿಗಳು, ಸಂಗೀತಗಾರರ ಬಗ್ಗೆ ಬರೆಯಬಲ್ಲವರು ನಮ್ಮ ಮೈಸೂರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಮಿಲ್ ಕಾರ್ಮಿಕನ ಮಗ. ನನ್ನ ಜೊತೆ ಬೆಂಚಿನಲ್ಲಿ ಕೂತವರಲ್ಲಿ ಹೆಚ್ಚಿನವರು ರೈಲ್ವೆ ವರ್ಕ್‌ಶಾಪಿನವರ, ರೇಷ್ಮೆ ಕಾರ್ಖಾನೆಯವರ, ಬೀಡಿ ಕಟ್ಟುವವರ, ಊದುಬತ್ತಿ ಹೊಸೆಯುವವರ ಮಕ್ಕಳು. ಆದ್ದರಿಂದ ನಮ್ಮಂಥವರ ಮನೆಗಳಿಗೆ ಸಂಬಂಧಪಟ್ಟ ಒಬ್ಬರ ಕಥೆಯನ್ನೇ ಹೇಳೋಣ ಎನ್ನಿಸಿತು. ಅವರು ಬಹಮನ್ ಪೆಸ್ಟೊನ್‌ಜಿ ವಾಡಿಯಾ. ಭಾರತದ ಮೊದಲ ವ್ಯವಸ್ಥಿತ ಕಾರ್ಮಿಕ ಸಂಘವೆಂದು ಹೆಸರಾದ ಮದ್ರಾಸ್ ಲೇಬರ್ ಯೂನಿಯನ್ನಿನ ಮೊದಲ ಅಧ್ಯಕ್ಷರು. ಹುಟ್ಟಿದ್ದು ಮುಂಬಯಿಯಲ್ಲಿ, ಹೋರಾಡಿದ್ದು ಮದರಾಸಿನಲ್ಲಿ, ಕಣ್ಣು ಮುಚ್ಚಿದ್ದು ನಮ್ಮ ಬೆಂಗಳೂರಿನಲ್ಲಿ.

ಅವರ ಕಥೆಗೆ ಹೋಗುವ ಮುನ್ನ ನನ್ನ ಬಾಲ್ಯದ ಒಂದು ಸಂಗತಿ ಹೇಳಬೇಕು. ಶಾಲೆಗೆ ರಜೆ ಇದ್ದ ದಿನ ಅಪ್ಪನಿಗೆ ಬುತ್ತಿ ಒಯ್ಯುವ ಕೆಲಸ ನನ್ನದು. ಅವ್ವ ಮುದ್ದೆ, ಉಪ್ಪುಸಾರು ಹಾಕಿ ಕ್ಯಾರಿಯರ್ ಕಟ್ಟಿಕೊಡುತ್ತಿದ್ದಳು. ಮಿಲ್ಲಿನ ಸೈರನ್ ಕೂಗುವಷ್ಟರಲ್ಲಿ ನಾನು ಗೇಟಿನ ಹೊರಗಿನ ಹೊಂಗೆಮರದ ಕೆಳಗೆ ನಿಂತಿರಬೇಕು. ಊಟಕ್ಕೆ ಅರ್ಧ ಗಂಟೆ ಬಿಡುವು. ಅದರಲ್ಲಿ ಮೆಷಿನ್ನಿನಿಂದ ಗೇಟಿಗೆ ಬರುವುದು, ತಲೆ, ಹುಬ್ಬು, ಮೀಸೆಯ ಮೇಲೆ ಕೂತ ಹತ್ತಿಯ ಧೂಳನ್ನು ಕೊಡವಿ ಕೈತೊಳೆಯುವುದು, ಮತ್ತೆ ಒಳಗೆ ಹೋಗುವುದು ಎಲ್ಲ ಕಳೆದರೆ ಉಣ್ಣಲು ಸಿಗುತ್ತಿದ್ದದ್ದು ಹದಿನೈದು ನಿಮಿಷ. ಮನೆಯಲ್ಲಿ ನಿಧಾನವಾಗಿ ಮಾತಾಡುತ್ತ ಉಣ್ಣುವ ಅಪ್ಪ ಅಲ್ಲಿ ಮುದ್ದೆಯನ್ನು ಗಬಗಬನೆ ನುಂಗುತ್ತಿದ್ದುದನ್ನು ನೋಡಿ ನನಗೆ ನಗು ಬರುತ್ತಿತ್ತು. ಅದರ ಹಿಂದೆ ಒಂದು ದೊಡ್ಡ ಇತಿಹಾಸವಿದೆಯೆಂದು ಆ ವಯಸ್ಸಿಗೆ ಗೊತ್ತಾಗಲಿಲ್ಲ.

ಮುಂದೆ ನೌಕರಿಯ ಪರೀಕ್ಷೆಗಳಿಗೆ ಓದಲು ಬೆಂಗಳೂರಿಗೆ ಹೋದಾಗ ಬಸವನಗುಡಿಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಸಂಸ್ಥೆಯ ಗ್ರಂಥಾಲಯಕ್ಕೆ ಹೋಗಿ ಕೂರುವುದು ರೂಢಿಯಾಯಿತು. ಆ ರಸ್ತೆಯ ಹೆಸರೇ ಬಿ.ಪಿ. ವಾಡಿಯಾ ರಸ್ತೆ. ಯಾರೋ ಶ್ರೀಮಂತ ಪಾರ್ಸಿ ದಾನಿಗಳಿರಬೇಕು ಎಂದುಕೊಂಡಿದ್ದೆ. ಎರಡು ವರ್ಷ ಅವರ ನೆರಳಿನಲ್ಲೇ ಕೂತು ಓದಿದ ಮೇಲೆ ಒಂದು ದಿನ ಕಾರ್ಮಿಕ ಚಳವಳಿಯ ಇತಿಹಾಸದ ಪುಸ್ತಕದಲ್ಲಿ ಅದೇ ಹೆಸರು ಕಂಡಿತು. ಅದೂ ಎಲ್ಲಿ? ಮಿಲ್ ಕಾರ್ಮಿಕರ ಊಟದ ಬಿಡುವನ್ನು ಅರ್ಧ ಗಂಟೆಯಿಂದ ನಲವತ್ತು ನಿಮಿಷಕ್ಕೆ ಹೆಚ್ಚಿಸಬೇಕೆಂದು ಕೇಳಿದ ಪ್ರಸಂಗದಲ್ಲಿ. ನನ್ನ ಕಣ್ಣ ಮುಂದೆ ಹೊಂಗೆಮರದ ಕೆಳಗೆ ಕೂತ ಅಪ್ಪ ಬಂದರು.

ಬಟ್ಟೆ ವ್ಯಾಪಾರಿಯ ಮಗ

ವಾಡಿಯಾ ಅವರು ಹುಟ್ಟಿದ್ದು 1881ರ ಅಕ್ಟೋಬರ್ 8ರಂದು, ಪಾರ್ಸಿ ಮನೆತನದಲ್ಲಿ. ತಂದೆಯದು ಬಟ್ಟೆ ವ್ಯಾಪಾರ. ಶಾಲೆಯ ಓದು ಮುಗಿಸಿ ಕಾಲೇಜಿಗೆ ಹೋಗದೆ ವ್ಯಾಪಾರಕ್ಕೆ ಇಳಿದರು; ತಂದೆ ತೀರಿಕೊಂಡ ಮೇಲೆ ಎಳೆಯ ವಯಸ್ಸಿನಲ್ಲೇ ಅದರ ಹೊಣೆ ಹೊತ್ತರು. ಆದರೆ ಅವರ ಮನಸ್ಸು ಲಾಭ ನಷ್ಟದ ಲೆಕ್ಕದಲ್ಲಿ ನಿಲ್ಲಲಿಲ್ಲ. ಎಲ್ಲ ಧರ್ಮಗಳ ತಿರುಳನ್ನು ಹುಡುಕುವ, ಜಾತಿ ಜನಾಂಗಗಳ ಭೇದವಿಲ್ಲದ ಸೋದರತ್ವವನ್ನು ಸಾರುವ ಥಿಯಾಸಫಿ ಅವರನ್ನು ಸೆಳೆಯಿತು. ವ್ಯಾಪಾರವನ್ನು ಬಿಟ್ಟು ಮದರಾಸಿನ ಅಡ್ಯಾರ್‌ಗೆ ಹೋಗಿ, ಆನಿ ಬೆಸೆಂಟ್ ಅವರ ಜೊತೆಗೂಡಿ ಪುಸ್ತಕ ಪ್ರಕಟಣೆಯ ಕೆಲಸವನ್ನೂ ಅವರ ನ್ಯೂ ಇಂಡಿಯಾ ಪತ್ರಿಕೆಯ ಕೆಲಸವನ್ನೂ ನೋಡಿಕೊಂಡರು.

ಆನಿ ಬೆಸೆಂಟ್ ಹೋಂ ರೂಲ್ ಚಳವಳಿ ಆರಂಭಿಸಿದಾಗ ವಾಡಿಯಾ ಅವರ ಬಲಗೈಯಾದರು. 1917ರ ಜೂನ್‌ನಲ್ಲಿ ಮದರಾಸು ಸರ್ಕಾರ ಬೆಸೆಂಟ್, ಜಾರ್ಜ್ ಅರುಂಡೇಲ್ ಮತ್ತು ವಾಡಿಯಾ ಈ ಮೂವರನ್ನು ಸ್ಥಾನಬಂಧನದಲ್ಲಿಟ್ಟಿತು. ದೇಶವೆಲ್ಲ ಪ್ರತಿಭಟಿಸಿತು, ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು. ಹೀಗೆ ಮದರಾಸಿನಲ್ಲಿ ವಾಡಿಯಾ ಎಂಬ ಹೆಸರು ಮನೆಮಾತಾಯಿತು. ಕಾರ್ಮಿಕರು ಅವರನ್ನು ಹುಡುಕಿಕೊಂಡು ಹೋಗಲು ಇದೂ ಒಂದು ಕಾರಣ.

ಪೆರಂಬೂರಿನ ಭಜನೆಯಿಂದ ಸಂಘದ ತನಕ

ಆಗ ಮದರಾಸಿನ ಪೆರಂಬೂರು ಪ್ರದೇಶದಲ್ಲಿ ಬಿನ್ನಿ ಕಂಪನಿಯ ಆಡಳಿತದ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಎಂಬ ಎರಡು ದೊಡ್ಡ ಬಟ್ಟೆ ಮಿಲ್ಲುಗಳಿದ್ದವು. ನಮ್ಮ ಬೆಂಗಳೂರಿನ ಬಿನ್ನಿ ಮಿಲ್ಲನ್ನು ನಡೆಸಿದ್ದೂ ಇದೇ ಕಂಪನಿ. 1911ರ ಕಾರ್ಖಾನೆ ಕಾಯ್ದೆಯ ಪ್ರಕಾರ ಬಟ್ಟೆ ಗಿರಣಿಗಳಲ್ಲಿ ವಯಸ್ಕ ಗಂಡಸರಿಂದ ದಿನಕ್ಕೆ 12 ಗಂಟೆ ಕೆಲಸ ತೆಗೆದುಕೊಳ್ಳಬಹುದಿತ್ತು. ಮೊದಲ ಮಹಾಯುದ್ಧದಿಂದ ಅಕ್ಕಿ, ಬಟ್ಟೆ, ಸೀಮೆಎಣ್ಣೆಯ ಬೆಲೆ ಏರಿತ್ತು. ಕೂಲಿ ಅದಕ್ಕೆ ಸಮನಾಗಿ ಏರಿರಲಿಲ್ಲ. ಮೇಸ್ತ್ರಿಗಳ ಬೈಗುಳ, ಮೇಲಧಿಕಾರಿಗಳ ಹೊಡೆತ ಬೇರೆ.

ಪೆರಂಬೂರಿನಲ್ಲಿ ಸೆಲ್ವಪತಿ ಚೆಟ್ಟಿಯಾರ್ ಮತ್ತು ರಾಮಾನುಜಲು ನಾಯ್ಡು ಎಂಬ ಇಬ್ಬರು ವ್ಯಾಪಾರಿಗಳಿದ್ದರು. ಅವರು ಒಂದು ಧಾರ್ಮಿಕ ಸಭೆಯನ್ನು ನಡೆಸುತ್ತಿದ್ದರು. ಸಂಜೆ ಭಜನೆ, ಪ್ರವಚನ. ಅಲ್ಲಿಗೆ ಬರುತ್ತಿದ್ದ ಮಿಲ್ ಕಾರ್ಮಿಕರು ತಮ್ಮ ಕಷ್ಟಗಳನ್ನೂ ತೋಡಿಕೊಳ್ಳುತ್ತಿದ್ದರು. ಹೊಟ್ಟೆ ತುಂಬದವನಿಗೆ ಪ್ರವಚನ ರುಚಿಸುವುದಾದರೂ ಹೇಗೆ? ಈ ಇಬ್ಬರು ಸಾಮಾನ್ಯ ಅಂಗಡಿಕಾರರು ಸುಮ್ಮನಿರಲಿಲ್ಲ. ನ್ಯೂ ಇಂಡಿಯಾ ಕಚೇರಿಗೆ ಹೋಗಿ ವಾಡಿಯಾ ಅವರನ್ನು ಕಂಡರು. ವಾಡಿಯಾ ಪೆರಂಬೂರಿಗೆ ಬಂದರು, ಕಾರ್ಮಿಕರ ಮಾತು ಕೇಳಿದರು. 1918ರ ಏಪ್ರಿಲ್ 27ರಂದು ಮದ್ರಾಸ್ ಲೇಬರ್ ಯೂನಿಯನ್ ಸ್ಥಾಪನೆಯಾಯಿತು. ವಾಡಿಯಾ ಅಧ್ಯಕ್ಷರಾದರು. ತಮಿಳಿನ ದೊಡ್ಡ ಸಾಹಿತಿಯೂ ಪತ್ರಕರ್ತರೂ ಆಗಿದ್ದ ತಿರು.ವಿ. ಕಲ್ಯಾಣಸುಂದರಂ ಅವರು ಹೆಗಲು ಕೊಟ್ಟರು.

ಇದಕ್ಕೂ ಮುಂಚೆ ಕಾರ್ಮಿಕರ ಪರ ಯಾರೂ ದನಿ ಎತ್ತಿರಲಿಲ್ಲವೆಂದಲ್ಲ. ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ ಮುಂಬಯಿ ಗಿರಣಿ ಕಾರ್ಮಿಕರಿಗಾಗಿ ಹೋರಾಡಿ 1890ರಲ್ಲಿ ವಾರದ ರಜೆ ಕೊಡಿಸಿದ್ದರು. ಮದರಾಸಿನ ಸಂಘ ಹುಟ್ಟುವ ತಿಂಗಳ ಹಿಂದಷ್ಟೇ ಗಾಂಧೀಜಿ ಅಹಮದಾಬಾದಿನಲ್ಲಿ ಗಿರಣಿ ಕಾರ್ಮಿಕರ ಪರ ಉಪವಾಸ ಕೂತಿದ್ದರು. ಆದರೆ ಸದಸ್ಯರ ಪಟ್ಟಿ, ಚಂದಾ, ಪದಾಧಿಕಾರಿಗಳು, ನಿಯಮಿತ ಸಭೆಗಳು ಇವೆಲ್ಲ ಇದ್ದು, ಮುಷ್ಕರ ಮುಗಿದ ಮೇಲೂ ಉಳಿಯುವಂಥ ಸಂಘವನ್ನು ಕಟ್ಟಿದ ಕೀರ್ತಿ ಪೆರಂಬೂರಿಗೆ ಸಲ್ಲುತ್ತದೆ.

ವಾಡಿಯಾ ಅವರಿಗೆ ಕಾರ್ಮಿಕರ ಭಾಷೆ ಬಾರದು. ಅವರು ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದರು, ಜೊತೆಗಿದ್ದವರು ತಮಿಳಿನಲ್ಲಿ ಹೇಳುತ್ತಿದ್ದರು. ಆದರೂ ಸಾವಿರಾರು ಜನ ಸೇರುತ್ತಿದ್ದರು. ಅವರು ಎತ್ತಿಕೊಂಡ ಮೊದಲ ಬೇಡಿಕೆಗಳಲ್ಲಿ ಒಂದು ಊಟದ ಬಿಡುವು. ಕೇವಲ ಹತ್ತು ನಿಮಿಷ ಹೆಚ್ಚು. ಇದು ಎಷ್ಟು ಸಣ್ಣ ಬೇಡಿಕೆ ಎಂದು ಓದುಗರಿಗೆ ಅನ್ನಿಸಬಹುದು. ಆದರೆ ಆ ಹತ್ತು ನಿಮಿಷದಲ್ಲಿ ಒಬ್ಬ ಮನುಷ್ಯ ಕೂತು, ಅಗಿದು, ನೀರು ಕುಡಿದು ಉಣ್ಣಬಹುದು. ಕೂಲಿಯ ಪ್ರಶ್ನೆಗೂ ಮೊದಲು ಮನುಷ್ಯತ್ವದ ಪ್ರಶ್ನೆ ಇದೆ ಎಂಬುದು ವಾಡಿಯಾ ಅವರ ನಿಲುವಾಗಿತ್ತು. ಕಾರ್ಮಿಕನನ್ನು ಯಂತ್ರದ ಭಾಗದಂತೆ ಕಾಣಬಾರದು, ಅವನಿಗೂ ಮನೆ, ಮಕ್ಕಳು, ಮನಸ್ಸು, ಆತ್ಮ ಇವೆ ಎಂದು ಅವರು ಮತ್ತೆ ಮತ್ತೆ ಹೇಳಿದರು. ಆಗಿನ ಭಾಷಣಗಳು 1921ರಲ್ಲಿ ಲೇಬರ್ ಇನ್ ಮದ್ರಾಸ್ ಎಂಬ ಪುಸ್ತಕವಾಗಿ ಬಂದಿವೆ.

ಅವರು ದುಡುಕಿನ ನಾಯಕರಾಗಿರಲಿಲ್ಲ. ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಮುಷ್ಕರ ಬೇಡವೆಂದು ಕಾರ್ಮಿಕರನ್ನು ತಡೆದರು. ಮಿಲ್ಲಿನವರೇ 1918ರಲ್ಲಿ ಲಾಕೌಟ್ ಘೋಷಿಸಿದಾಗ ಹಸಿದ ಕಾರ್ಮಿಕರ ಸಿಟ್ಟನ್ನು ಹಿಡಿದಿಡುವ ಕಷ್ಟ ಅವರ ಪಾಲಿಗೆ ಬಂತು. ನಾಯಕನಾದವನು ಎದುರು ಪಕ್ಷದವರಿಗೆ ಹೇಳುವುದಕ್ಕಿಂತ ತನ್ನವರಿಗೆ ತಾಳ್ಮೆ ಹೇಳುವುದು ಕಷ್ಟ ಎಂಬುದನ್ನು ಸಂಘದಲ್ಲಿ ಕೆಲಸ ಮಾಡಿದವರೆಲ್ಲ ಬಲ್ಲರು.

1919ರಲ್ಲಿ ವಾಷಿಂಗ್ಟನ್ ನಗರದಲ್ಲಿ ಮೊದಲ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ನಡೆಯಿತು. ಭಾರತದ ಕಾರ್ಮಿಕರ ಪ್ರತಿನಿಧಿಯಾಗಿ ಎನ್.ಎಂ. ಜೋಶಿ ಹೋದರು, ವಾಡಿಯಾ ಅವರಿಗೆ ಸಲಹೆಗಾರರಾಗಿದ್ದರು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂಬ ಒಪ್ಪಂದ ಅಲ್ಲಿ ರೂಪುಗೊಂಡಿತು. ಆದರೆ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ವಾರಕ್ಕೆ 60 ಗಂಟೆ ಎಂಬ ಬೇರೆ ಅಳತೆ ಇಟ್ಟರು. ಇದರ ಫಲವಾಗಿ 1922ರ ಕಾಯ್ದೆಯಲ್ಲಿ ಕೆಲಸದ ಅವಧಿ ದಿನಕ್ಕೆ 11 ಗಂಟೆ, ವಾರಕ್ಕೆ 60 ಗಂಟೆಗೆ ಇಳಿಯಿತು. ಇಂದು ನಾವು ಸಹಜವೆಂದುಕೊಂಡ 48 ಗಂಟೆಯ ವಾರ ನಮ್ಮ ಕಾರ್ಖಾನೆಗಳಿಗೆ ಬಂದದ್ದು ಸ್ವಾತಂತ್ರ್ಯಕ್ಕೆ ತುಸು ಮೊದಲು, ಕಾರ್ಖಾನೆ ಕಾಯ್ದೆಗೆ 1946ರಲ್ಲಿ ಆದ ತಿದ್ದುಪಡಿಯಿಂದ.

ಸೋಲೋ, ಗೆಲುವೋ

1920ರ ಅಕ್ಟೋಬರಿನಲ್ಲಿ ಬಕಿಂಗ್‌ಹ್ಯಾಮ್ ಮಿಲ್ಲಿನಲ್ಲಿ ವಿವಾದ ಎದ್ದಿತು, ಮಿಲ್ಲು ಮುಚ್ಚಿತು. ಡಿಸೆಂಬರಿನಲ್ಲಿ ಪೊಲೀಸರು ಕಾರ್ಮಿಕರ ಮೇಲೆ ಗುಂಡು ಹಾರಿಸಿದರು, ಇಬ್ಬರು ಪ್ರಾಣ ಕಳೆದುಕೊಂಡರು. ಅದೇ ಹೊತ್ತಿಗೆ ಕಂಪನಿ ಮದರಾಸು ಹೈಕೋರ್ಟಿನಲ್ಲಿ ವಾಡಿಯಾ ಮತ್ತಿತರರ ಮೇಲೆ ದಾವೆ ಹೂಡಿತು. ಕೆಲಸಗಾರರು ಕೆಲಸದ ಕರಾರನ್ನು ಮುರಿಯುವಂತೆ ಇವರು ಪ್ರಚೋದಿಸಿದ್ದಾರೆ, ಆದ್ದರಿಂದ ನಷ್ಟ ಕಟ್ಟಿಕೊಡಬೇಕು ಎಂಬುದು ಅದರ ವಾದ. ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಆಗ ಕಾರ್ಮಿಕ ಸಂಘಗಳಿಗೆ ರಕ್ಷಣೆ ಕೊಡುವ ಯಾವ ಕಾನೂನೂ ದೇಶದಲ್ಲಿ ಇರಲಿಲ್ಲ. ಸಂಘದ ಪರವಾಗಿ ಮಾತನಾಡಿದ್ದೇ ಅಪರಾಧವೆಂಬಂತಾಯಿತು.

ಕೊನೆಗೆ ರಾಜಿಯಾಯಿತು. ಮಿಲ್ಲು ಬಾಗಿಲು ತೆರೆಯಿತು. ದಾವೆಯನ್ನು ಮುಂದುವರಿಸದಿರಲು ವಾಡಿಯಾ ಸಂಘದ ಸಂಬಂಧವನ್ನು ಕಡಿದುಕೊಳ್ಳಬೇಕಾಯಿತು. ಮುಂದಾಳುಗಳಾಗಿದ್ದ ಕೆಲವು ಕಾರ್ಮಿಕರನ್ನು ಮಿಲ್ಲು ಒಳಗೆ ಸೇರಿಸಲಿಲ್ಲ. ತಾವು ಕಟ್ಟಿದ ಸಂಘವನ್ನು ಮೂರು ವರ್ಷ ತುಂಬುವ ಮೊದಲೇ ವಾಡಿಯಾ ಬಿಟ್ಟುಹೋದರು. 1921ರಲ್ಲಿ ಮತ್ತೆ ದೀರ್ಘ ಮುಷ್ಕರ ನಡೆದಾಗ ಕಾರ್ಮಿಕರಲ್ಲೇ ಜಾತಿಯ ಬಿರುಕು ಮೂಡಿ, ಗಲಭೆ ನಡೆದು, ಗುಂಡಿನ ಸದ್ದಾಗಿ ಮುಷ್ಕರ ಮುರಿದುಬಿತ್ತು.

ಈ ಭಾಗ ಓದುವಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ಏಕೆಂದರೆ ನಮ್ಮ ಮನೆಯಲ್ಲೂ ಇಂಥದೊಂದು ರಾಜಿಯ ನೆನಪಿತ್ತು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಪ್ಪನ ಮಿಲ್ಲಿನಲ್ಲಿ ಮುಷ್ಕರವಾಯಿತು. ಎರಡು ತಿಂಗಳು ಸಂಬಳವಿಲ್ಲ. ಅವ್ವ ಊದುಬತ್ತಿ ಹೊಸೆದು ಮನೆ ನಡೆಸಿದಳು. ಕೊನೆಗೆ ಆದ ಒಪ್ಪಂದದಲ್ಲಿ ನಾಲ್ವರನ್ನು ಬಿಟ್ಟು ಉಳಿದವರೆಲ್ಲ ಕೆಲಸಕ್ಕೆ ಮರಳಿದರು. ಆ ನಾಲ್ವರಲ್ಲಿ ಒಬ್ಬರು ಅಪ್ಪನ ಪಕ್ಕದ ಮೆಷಿನ್ನಿನವರು, ನಾನು ದೊಡ್ಡಪ್ಪ ಎಂದು ಕರೆಯುತ್ತಿದ್ದವರು. ಅಪ್ಪ ಒಳಗೆ ಹೋದರು, ದೊಡ್ಡಪ್ಪ ಹೊರಗೆ ಉಳಿದರು. ಆ ವರ್ಷ ಆಯುಧಪೂಜೆಗೆ ಮಿಲ್ಲಿನವರು ಎಂದಿನಂತೆ ಮನೆಯವರನ್ನೆಲ್ಲ ಒಳಗೆ ಬಿಟ್ಟರು. ಮೆಷಿನ್ನುಗಳಿಗೆ ಅರಿಸಿನ ಕುಂಕುಮ, ಚೆಂಡುಹೂವಿನ ಹಾರ, ಗೇಟಿನಲ್ಲಿ ಒಡೆದ ಬೂದುಗುಂಬಳ. ಅಪ್ಪ ತಮ್ಮ ಮೆಷಿನ್ನಿಗೆ ಪೂಜೆ ಮಾಡಿ, ಪಕ್ಕದ ಮೆಷಿನ್ನಿಗೂ ಮಾಡಿದರು. ಅದರ ಮುಂದೆ ನಿಂತ ಹೊಸಬನಿಗೆ ಏನೂ ಹೇಳಲಿಲ್ಲ. ಬದುಕಿರುವವರೆಗೂ ಪ್ರತಿ ಯುಗಾದಿಗೆ ದೊಡ್ಡಪ್ಪನ ಮನೆಗೆ ಒಂದು ಅಚ್ಚು ಬೆಲ್ಲ, ಒಂದು ಪಂಚೆ ತಪ್ಪದೆ ಕಳುಹಿಸಿದರು. ತಾವಾಗಿ ಆ ಮನೆಯ ಮೆಟ್ಟಿಲು ಹತ್ತಲು ಮಾತ್ರ ಅವರಿಗೆ ಆಗಲಿಲ್ಲ. ಒಯ್ದುಕೊಡುತ್ತಿದ್ದವನು ನಾನು.

ಹಾಗಾಗಿ ವಾಡಿಯಾ ಸಂಘ ಬಿಟ್ಟದ್ದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಧೈರ್ಯ ನನಗಿಲ್ಲ. ಹಸಿದ ಸಾವಿರಾರು ಮನೆಗಳು ಒಂದು ಕಡೆ, ತನ್ನ ಸ್ಥಾನ ಮತ್ತು ಕೆಲವು ಸಂಗಾತಿಗಳು ಇನ್ನೊಂದು ಕಡೆ. ಯಾವ ಕಡೆ ತೂಗಿದರೂ ನೋವು ತಪ್ಪದು. ಒಂದು ಮಾತು ಮಾತ್ರ ನಿಜ. ಆ ದಾವೆ ದೇಶದ ಕಣ್ಣು ತೆರೆಸಿತು. ಎನ್.ಎಂ. ಜೋಶಿಯವರು 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಕಾರ್ಮಿಕ ಸಂಘಗಳ ನೋಂದಣಿಗೂ ರಕ್ಷಣೆಗೂ ಕಾನೂನು ಬೇಕೆಂಬ ನಿರ್ಣಯ ಮಂಡಿಸಿದರು. ಇಂಗ್ಲೆಂಡಿನ ಕಾರ್ಮಿಕ ನಾಯಕರೂ ಒತ್ತಾಯಿಸಿದರು. 1926ರಲ್ಲಿ ಟ್ರೇಡ್ ಯೂನಿಯನ್ ಕಾಯ್ದೆ ಬಂತು. ಅದರಂತೆ ಏಳು ಜನ ಸೇರಿ ಸಂಘವನ್ನು ನೋಂದಾಯಿಸಬಹುದಿತ್ತು. ಕೈಗಾರಿಕಾ ವಿವಾದದಲ್ಲಿ ಕೆಲಸದ ಕರಾರು ಮುರಿಯಲು ಪ್ರೇರೇಪಿಸಿದರೆಂಬ ಕಾರಣಕ್ಕೇ ನೋಂದಾಯಿತ ಸಂಘದ ಪದಾಧಿಕಾರಿಗಳ ಮೇಲೆ ನಷ್ಟದ ದಾವೆ ಹೂಡುವಂತಿಲ್ಲ ಎಂದು ಅದು ಹೇಳಿತು. ವಾಡಿಯಾ ಅವರನ್ನು ಕೆಡವಿದ ಆಯುಧವನ್ನೇ ಆ ಕಾಯ್ದೆ ಮೊಂಡು ಮಾಡಿತು.

ನಮ್ಮ ಮೈಸೂರು ಸಂಸ್ಥಾನಕ್ಕೆ ಬ್ರಿಟಿಷ್ ಇಂಡಿಯಾದ ಕಾಯ್ದೆಗಳು ತಾವಾಗಿ ಅನ್ವಯಿಸುತ್ತಿರಲಿಲ್ಲ. ಇಲ್ಲಿನ ಕಾರ್ಮಿಕರು 1942ರ ಮೈಸೂರು ಕಾರ್ಮಿಕ ಕಾಯ್ದೆಯ ತನಕ ಕಾಯಬೇಕಾಯಿತು. ಬೆಂಗಳೂರಿನ ಮಿಲ್ ಕಾರ್ಮಿಕರ ನಡುವೆ ದುಡಿದ ಕೆ.ಟಿ. ಭಾಷ್ಯಂ ಅವರು 1947ರ ಜವಾಬ್ದಾರಿ ಸರ್ಕಾರದಲ್ಲಿ ಮಂತ್ರಿಗಳಾದರು. ಹೀಗೆ ಪೆರಂಬೂರಿನಲ್ಲಿ ಹಚ್ಚಿದ ದೀಪದ ಬೆಳಕು ನಮ್ಮ ಅಂಗಳಕ್ಕೂ ಬಂದು ಮುಟ್ಟಿತು.

ಬಸವನಗುಡಿಯ ಕೊನೆಯ ದಿನಗಳು

ಸಂಘದಿಂದ ಹೊರಬಂದ ವಾಡಿಯಾ 1922ರಲ್ಲಿ ಅಡ್ಯಾರಿನ ಥಿಯಾಸಾಫಿಕಲ್ ಸೊಸೈಟಿಯನ್ನೂ ಬಿಟ್ಟರು. ಸಂಸ್ಥೆ ಮೂಲ ಬೋಧನೆಯ ದಾರಿ ತಪ್ಪಿದೆ ಎಂದು ಅವರಿಗೆ ಅನ್ನಿಸಿತ್ತು. ಅಮೆರಿಕಕ್ಕೆ ಹೋಗಿ ಯುನೈಟೆಡ್ ಲಾಡ್ಜ್ ಆಫ್ ಥಿಯಾಸಫಿಸ್ಟ್ಸ್ ಎಂಬ ಬಳಗದಲ್ಲಿ ಕೆಲಸ ಮಾಡಿದರು. 1928ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ಮೂಲದ ಸೋಫಿಯಾ ಅವರನ್ನು ಮದುವೆಯಾಗಿ ಭಾರತಕ್ಕೆ ಮರಳಿದರು. 1930ರಲ್ಲಿ ಮುಂಬಯಿಯಿಂದ ಆರ್ಯನ್ ಪಾತ್ ಪತ್ರಿಕೆ ಹೊರಟಿತು. ಸೋಫಿಯಾ ಅವರು ಭಾರತದ ಪೆನ್ ಲೇಖಕರ ಸಂಘಟನೆಯನ್ನು ಕಟ್ಟಿ, ಭಾರತೀಯ ಭಾಷೆಗಳ ಸಾಹಿತ್ಯಕ್ಕೆ ಒಂದು ವೇದಿಕೆ ಕೊಟ್ಟರು.

1945ರ ಆಗಸ್ಟ್‌ನಲ್ಲಿ ದಂಪತಿಗಳು ಬಸವನಗುಡಿಯಲ್ಲಿ ಈಗಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಸಂಸ್ಥೆಯನ್ನು ಆರಂಭಿಸಿದರು. ಗ್ರಂಥಾಲಯ, ಉಪನ್ಯಾಸ, ಸಂಗೀತ, ಮಕ್ಕಳ ವಿಭಾಗ ಎಲ್ಲವೂ ಅಲ್ಲಿ ಬೆಳೆದವು. 1958ರ ಆಗಸ್ಟ್ 20ರಂದು ವಾಡಿಯಾ ಬೆಂಗಳೂರಿನಲ್ಲಿ ನಿಧನರಾದರು. ಮಿಲ್ಲಿನ ಗೇಟಿನಲ್ಲಿ ನಿಂತವರು ಗ್ರಂಥಾಲಯದ ಬಾಗಿಲು ತೆರೆದದ್ದು ನನಗೆ ಬೇರೆ ಬೇರೆ ಕೆಲಸವೆಂದು ತೋರುವುದಿಲ್ಲ. ದುಡಿಯುವವನಿಗೆ ಉಣ್ಣಲು ಹೊತ್ತು ಬೇಕು ಎಂದವರು, ಅವನ ಮಗನಿಗೆ ಓದಲು ಜಾಗ ಬೇಕು ಎಂದೂ ತಿಳಿದಿದ್ದರು. ಎರಡನೆಯದರ ಫಲವನ್ನು ನಾನೇ ಉಂಡಿದ್ದೇನೆ.

ಈ ಸಂಚಿಕೆ ಓದುವ ನಮ್ಮ ಶಾಲೆಯ ಮಕ್ಕಳಿಗೆ ಒಂದೆರಡು ಮಾತು. ನಿಮ್ಮಲ್ಲಿ ಹಲವರ ಅಮ್ಮಂದಿರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಅಪ್ಪಂದಿರು ಹೂಟಗಳ್ಳಿ, ಹೆಬ್ಬಾಳದ ಕಾರ್ಖಾನೆಗಳಲ್ಲಿ ಗುತ್ತಿಗೆ ಕೆಲಸ ಮಾಡುತ್ತಾರೆ, ಅಣ್ಣಂದಿರು ಮೋಟರ್ ಸೈಕಲ್ಲಿನಲ್ಲಿ ಊಟದ ಪೊಟ್ಟಣ ಹಂಚುತ್ತಾರೆ. ಊರಿಗೆಲ್ಲ ಊಟ ಮುಟ್ಟಿಸುವ ಆ ಹುಡುಗರಿಗೆ ತಾವು ಉಣ್ಣಲು ಬಿಡುವು ಎಷ್ಟು ಎಂದು ಒಮ್ಮೆ ಕೇಳಿ ನೋಡಿ. ನೂರು ವರ್ಷದ ಹಿಂದಿನ ಪ್ರಶ್ನೆ ಹಳತಾಗಿಲ್ಲ ಎಂಬುದು ಗೊತ್ತಾಗುತ್ತದೆ. ಅದನ್ನು ಕೇಳಲು ದೊಡ್ಡ ನಾಯಕರೇ ಬೇಕೆಂದಿಲ್ಲ. ಭಜನೆಗೆ ಬಂದವರ ಕಷ್ಟ ಕೇಳಿಸಿಕೊಂಡು ಎದ್ದು ಹೊರಟ ಇಬ್ಬರು ಅಂಗಡಿಕಾರರನ್ನು ನೆನೆಯಿರಿ. ಅವರು ಹೋಗದಿದ್ದರೆ ವಾಡಿಯಾ ಪೆರಂಬೂರಿಗೆ ಬರುತ್ತಲೇ ಇರಲಿಲ್ಲವೇನೋ.

ಅಪ್ಪ ತೀರಿಕೊಂಡ ಮೇಲೆ ಬಂದ ಮೊದಲ ಯುಗಾದಿಗೆ ನಾನು ಬೆಲ್ಲ, ಪಂಚೆ ಹಿಡಿದು ದೊಡ್ಡಪ್ಪನ ಮನೆಗೆ ಹೋದೆ. ಅವರು ಅಪ್ಪನ ಬಗ್ಗೆ ಒಂದೂ ಕಹಿ ಮಾತು ಆಡಲಿಲ್ಲ. ಹೊತ್ತಾಯಿತು, ಉಂಡು ಹೋಗು ಎಂದು ಕೂರಿಸಿದರು. ಅವಸರ ಮಾಡದೆ ಇಬ್ಬರೂ ನಿಧಾನವಾಗಿ ಉಂಡೆವು.